ಮೂರಿಂಚಿನ ಕೊಯಿ ಮರಿ: ಆರಿಸಿ ತಂದರೆ ಒಳ್ಳೆಯ ಮಾಲು

ಮಂಗಳೂರು, ಉಡುಪಿಯ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ, ಕೊಳದಲ್ಲಿ ಸಾಕುವ ಬಣ್ಣದ ಕಾರ್ಪ್ ಮೀನಾದ ಕೊಯಿಯ ಮೂರು-ನಾಲ್ಕು ಇಂಚಿನ ಮಿಶ್ರ ಮರಿಗಳು ದುಡ್ಡಿಗೆ ಮೋಸವಿಲ್ಲದ ಮಾಲು, ಆದರೆ ಆರಿಸಲು ಬರಬೇಕು. ತೊಟ್ಟಿಯಲ್ಲಿ ಎಲ್ಲಕ್ಕಿಂತ ಚಂದ ಕಾಣುವ ಮರಿಯೇ ಎರಡನೇ ವರ್ಷಕ್ಕೆ ಪೇಲವವಾಗುವುದು ಹೆಚ್ಚು.

ಕೊಯಿಯನ್ನು ಮೇಲಿನಿಂದ ನೋಡಲೆಂದೇ ಬೆಳೆಸಿದ್ದು. ಗಾಜಿನ ತೊಟ್ಟಿಯಲ್ಲಿ ಪಕ್ಕದಿಂದ ನೋಡಿದರೆ ಮೈಕಟ್ಟು ತಿಳಿಯದು, ಗುಲಾಬಿ ಛಾಯೆಯ ಲೈಟಿನಡಿ ಕಿತ್ತಳೆಯೂ ಕಡುಗೆಂಪಾಗಿ ಕಾಣುತ್ತದೆ. ನೀಲಿ ಟಬ್ಬಿಗೆ ಹಾಕಿಸಿ, ಹಗಲು ಬೆಳಕಿಗೆ ತಂದು ನೋಡಿ. ಅಷ್ಟಕ್ಕೂ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.

ಮೊದಲು ಮೈಕಟ್ಟು, ಆಮೇಲೆ ಬಣ್ಣ. ಕಣ್ಣುಗಳ ನಡುವೆ ಅಗಲವಿದ್ದು, ಮೂತಿ ಮೊಂಡಾಗಿ, ಬಾಲದ ಬುಡ ದಪ್ಪಗಿರುವ ಮರಿ ಮುಂದೆ ತುಂಬಿಕೊಳ್ಳುತ್ತದೆ. ಬಾಲದ ಬುಡ ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಉಬ್ಬಿದ್ದರೆ ಅದು ಬೆಳಗ್ಗೆ ತಿಂದ ಆಹಾರ, ಮೈಯಲ್ಲ. ಸೊಟ್ಟ ಬಾಯಿ, ಡೊಂಕು ಬೆನ್ನು, ಮಡಚಿದ ಕಿವಿರು ಮುಚ್ಚಳ ಬೆಳೆದಂತೆ ಸರಿಹೋಗುವುದಿಲ್ಲ. ಈ ಗಾತ್ರದಲ್ಲಿ ಗಂಡು ಹೆಣ್ಣು ಹೇಳುವವರದು ಬರೀ ಊಹೆ.

ಬಿಳಿ ಮೈಗೆ ಕೆಂಪು ಮಚ್ಚೆಯ ಕೊಹಾಕುವಿನಲ್ಲಿ ಜನ ತಪ್ಪುವುದು ಕೆಂಪಿನ ವಿಷಯದಲ್ಲೇ. ಈ ವಯಸ್ಸಿಗೆ ಕಡುಗೆಂಪು ಬೇಡ. ಹಣ್ಣಡಿಕೆಯ ಬಣ್ಣ, ಮಚ್ಚೆಯ ಉದ್ದಕ್ಕೂ ಒಂದೇ ಸಮ ಇದ್ದರೆ ಸಾಕು. ಮಚ್ಚೆಯ ಹಿಂದಿನ ಅಂಚನ್ನು ಬಗ್ಗಿ ನೋಡಿ. ಅಲ್ಲಿ ಕೆಂಪು ಹುರುಪೆ ಬಿಳಿಯ ಮೇಲೆ ಕೂತಿರುತ್ತದೆ, ಹಾಗಾಗಿ ಗೆರೆ ಕೊರೆದಂತಿರಬೇಕು. ಮುಂದಿನ ಅಂಚಿನಲ್ಲಿ ಬಿಳಿ ಹುರುಪೆ ಕೆಂಪಿನ ಮೇಲೆ ಬರುವುದರಿಂದ ಮಸುಕಾಗಿಯೇ ಕಾಣುತ್ತದೆ. ಅದು ದೋಷವಲ್ಲ, ಚರ್ಮ ದಪ್ಪವಾದಂತೆ ತಿಳಿಯಾಗುತ್ತದೆ. ಮಚ್ಚೆಯೊಳಗೆ ಒಂದೊಂದೇ ಹುರುಪೆ ತೆಳುವಾಗಿ ಕಂಡರೆ ಮಾತ್ರ ಬಿಟ್ಟುಬಿಡಿ. ತಲೆ ತುಸು ಹಳದಿಯಾಗಿದ್ದರೆ ಹೆದರಬೇಡಿ, ಹೆಚ್ಚಿನವು ಬೆಳೆಯುತ್ತಾ ಬಿಳಿಯಾಗುತ್ತವೆ.

ಬಿಳಿ, ಕೆಂಪು, ಕಪ್ಪು ಮೂರೂ ಇರುವ ತಳಿಗಳಾದ ಸಾಂಕೆ, ಶೋವಾಗಳ ಕಪ್ಪು ತಡವಾಗಿ ಮೇಲೇಳುವ ಬಣ್ಣ. ಚರ್ಮದಡಿ ಬೂದು-ನೀಲಿ ನೆರಳಿನಂತಿದ್ದರೆ ಕಾಯಬಹುದು. ಶೋವಾ ಮರಿಯ ಪಕ್ಕದ ರೆಕ್ಕೆ ಪೂರ್ತಿ ಕಪ್ಪಿದ್ದರೂ ಮುಂದೆ ಬುಡಕ್ಕೆ ಸರಿಯುತ್ತದೆ.

ತಂದ ಮೇಲಿನ ಅರ್ಧ ಕೆಲಸ ನೀರಿನದು. ಈ ಮೀನಿನ ತವರು ಜಪಾನಿನ ನೀಗಾಟಾ. ಅಲ್ಲಿನ ಚಳಿಗಾಲದಲ್ಲಿ ಬೆಳವಣಿಗೆ ನಿಂತು ಬಣ್ಣ ಗಟ್ಟಿಯಾಗುತ್ತದೆ. ನಮ್ಮಲ್ಲಿ ನೀರು ಹೆಚ್ಚುಕಡಿಮೆ ವರ್ಷವಿಡೀ 25 ಡಿಗ್ರಿಯ ಮೇಲೆ. ಮರಿ ಸರಸರನೆ ಉದ್ದವಾಗುತ್ತದೆ, ಅದರ ಜತೆ ಕೆಂಪೂ ಎಳೆದು ತೆಳುವಾಗುತ್ತದೆ. ಆದ್ದರಿಂದ ಹೊಟ್ಟೆ ಬಿರಿಯುವಷ್ಟು ಹಾಕಬೇಡಿ. 35ರಿಂದ 40 ಶೇಕಡಾ ಪ್ರೋಟೀನಿನ ಆಹಾರ, ಐದು ನಿಮಿಷದಲ್ಲಿ ಮುಗಿಯುವಷ್ಟು, ದಿನಕ್ಕೆ ಮೂರು ಸಲ. ಸ್ಪಿರುಲಿನಾ ಇರುವ ಬಣ್ಣದ ಆಹಾರ ಕಾಲು ಪಾಲು ಮೀರಿದರೆ ಬಿಳಿ ಮೈಗೆ ಹಳದಿ ತಿರುಗುತ್ತದೆ.

ಮುರಕಲ್ಲಿನ ನೆಲದ ಬಾವಿ ನೀರು ಮೆದು, ಹುಳಿ. ಹುಳಿಯನ್ನು ತಡೆಯುವ ಕ್ಷಾರೀಯತೆ ಕಡಿಮೆಯಾದ್ದರಿಂದ ಪಿಎಚ್ ಒಂದೇ ರಾತ್ರಿಯಲ್ಲಿ ಕುಸಿಯಬಹುದು, ಫಿಲ್ಟರಿನ ಬ್ಯಾಕ್ಟೀರಿಯಾ ಸೋತು ಅಮೋನಿಯಾ ಏರುತ್ತದೆ. ಸಾವಿರ ಲೀಟರಿಗೆ 30 ಗ್ರಾಂ ಅಡುಗೆ ಸೋಡಾ ಹಾಕಿದರೆ ಕೆಎಚ್, ಅಂದರೆ ಈ ಕ್ಷಾರೀಯತೆಯ ಅಳತೆ, ಒಂದು ಡಿಗ್ರಿ ಏರುತ್ತದೆ. ಗುರಿ ಐದು, ಮೂರು ದಿನಗಳಲ್ಲಿ ಹಂಚಿ ಹಾಕಿ. ಫಿಲ್ಟರಿನಲ್ಲಿ ತೊಳೆದ ಮರುವಾಯಿ ಚಿಪ್ಪಿನ ಚೀಲ ಇಟ್ಟರೆ ಅದು ನಿಧಾನವಾಗಿ ಕರಗಿ ಆಧಾರ ಕೊಡುತ್ತದೆ, ಆದರೆ ಚಿಪ್ಪೊಂದನ್ನೇ ನೆಚ್ಚಿಕೊಂಡರೆ ಮಳೆಗಾಲದಲ್ಲಿ ಸಾಲದು. ತುಂಬೆಯಿಂದ ಬರುವ ಕಾರ್ಪೊರೇಷನ್ ನೀರಾದರೆ ಕ್ಲೋರಿನ್ ತೆಗೆದ ಮೇಲೆಯೇ ಕೊಳಕ್ಕೆ ಬಿಡಿ.

ಹೊಸ ಮರಿಗಳನ್ನು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಡಿ. ಸಾವಿರ ಲೀಟರಿಗೆ ಮೂರು ಕಿಲೋ ಅಯೋಡಿನ್ ಇಲ್ಲದ ಕಲ್ಲುಪ್ಪು, ಒಂದೇ ಸಲಕ್ಕಲ್ಲ, ಎರಡು ದಿನದಲ್ಲಿ. ಜೂನ್‌ನಲ್ಲಿ ತರುವ ಬದಲು ಮಳೆ ಇಳಿದ ಮೇಲೆ, ಅಕ್ಟೋಬರಿನಲ್ಲಿ ತನ್ನಿ. ಅಷ್ಟರಲ್ಲಿ ನಿಮ್ಮ ಕೊಳದ ನೀರೂ ಸುಧಾರಿಸಿಕೊಂಡಿರುತ್ತದೆ.