ಮಕ್ಕಳ ಸುರಕ್ಷತಾ ದಾಖಲೆ: ಕಾಗದದ ಕಡತವೋ, ತಂತ್ರಾಂಶವೋ?

ಮಕ್ಕಳ ಸುರಕ್ಷತೆಯ ದಾಖಲೆಗಳನ್ನು ಕಡತದಲ್ಲಿಡಬೇಕೇ, ತಂತ್ರಾಂಶದಲ್ಲಿಡಬೇಕೇ ಎಂದು ಯೋಚಿಸುವ ಶಾಲೆಯು ಮೊದಲು ನೋಡಬೇಕಾದದ್ದು ಖರ್ಚನ್ನಲ್ಲ, ಬಿಡಿಬಿಡಿಯಾಗಿ ಬಂದ ಸಣ್ಣ ಸಂಗತಿಗಳು ಒಂದೆಡೆ ಸೇರುತ್ತವೆಯೇ ಎಂಬುದನ್ನು. ಸೋಮವಾರ ಒಬ್ಬ ಶಿಕ್ಷಕಿ ಮಗುವಿನ ತೋಳಿನ ಮೇಲೆ ಕಂದಿದ ಗುರುತನ್ನು ಕಾಣುತ್ತಾರೆ. ಹದಿನೈದು ದಿನಗಳ ನಂತರ ಇನ್ನೊಬ್ಬರು ಅದೇ ಮಗು ಮನೆಗೆ ಹೋಗಲು ಹಿಂಜರಿಯುವುದನ್ನು ಗಮನಿಸುತ್ತಾರೆ. ತರಗತಿವಾರು ಕಡತಗಳಲ್ಲಿ ಇವೆರಡೂ ಬೇರೆಬೇರೆಯಾಗಿಯೇ ಉಳಿದುಬಿಡಬಹುದು. ಒಳ್ಳೆಯ ತಂತ್ರಾಂಶದಲ್ಲಿ ದಿನಾಂಕದ ಕ್ರಮದಲ್ಲಿ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ, ಯಾರು ಬರೆದರು, ಯಾರು ತಿದ್ದಿದರು, ಯಾರು ತೆರೆದು ನೋಡಿದರು ಎಂಬುದೂ ಉಳಿಯುತ್ತದೆ. ಶಿಕ್ಷಕರು ಹಲವರಿರುವಲ್ಲಿ ನಾನು ಇದನ್ನೇ ಆರಿಸುವೆ. ಆದರೆ ಸಿಬ್ಬಂದಿಯೆಲ್ಲ ಒಂದೇ ಪಾಸ್‌ವರ್ಡ್ ಬಳಸಿದರೆ, ಯಾರು ಏನು ಮಾಡಿದರೆಂದು ತಿಳಿಯುವ ಅನುಕೂಲ ಅಲ್ಲಿಗೇ ಮುಗಿಯಿತು.

ಚಿಕ್ಕ ಶಾಲೆಗೆ, ಮಗುವಿಗೊಂದರಂತೆ ಪುಟಸಂಖ್ಯೆ ಹಾಕಿ ಬೀಗದ ಕಪಾಟಿನಲ್ಲಿಟ್ಟ ಕಡತ ಸಾಕು. ಮಗು ಶಾಲೆ ಬದಲಿಸಿದಾಗ ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕೊಟ್ಟು, ಪಡೆದವರ ಸಹಿ ತೆಗೆದುಕೊಳ್ಳಬೇಕು.

ಬರವಣಿಗೆಯ ವಿಷಯದಲ್ಲಿ ಮಾತ್ರ ಎರಡಕ್ಕೂ ಭೇದವಿಲ್ಲ. “ಮಗು ಮಂಕಾಗಿತ್ತು” ಎಂಬ ಸಾಲು ಎಲ್ಲಿದ್ದರೂ ನಿಷ್ಪ್ರಯೋಜಕ, “ಮಧ್ಯಾಹ್ನ 12.40ಕ್ಕೆ ಊಟ ಮುಟ್ಟದೆ ‘ನಾನು ಮನೆಗೆ ಹೋಗಲ್ಲ’ ಎಂದಳು” ಎಂಬುದು ದಾಖಲೆ.