ಲೇಸಿಕ್‌ಗೆ ಮುಂಚೆ ಕಣ್ಣೀರಿನ ಟೆಸ್ಟ್ ಮಾಡಿದರಾ? ಕೇಳಿ, ದಯವಿಟ್ಟು ಕೇಳಿ

ಲೇಸಿಕ್, ಅಂದರೆ ಕನ್ನಡಕ ಬಿಡಿಸುವ ಲೇಸರ್ ಆಪರೇಷನ್, ಮಾಡಿಸಿಕೊಂಡು ನನಗಾದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ. ಆಸ್ಪತ್ರೆ ಹೆಸರು ಹಾಕುವುದಿಲ್ಲ. ಬೆಂಗಳೂರಿನದ್ದು, ದೊಡ್ಡದೇ.

ನನ್ನದು ಮೈನಸ್ ಐದೂವರೆ ಪವರ್. 11 ವರ್ಷ ಕಾಂಟ್ಯಾಕ್ಟ್ ಲೆನ್ಸ್ ಹಾಕಿದವಳು. ಸಂಜೆಯಾದರೆ ಕಣ್ಣು ಉರಿಯುತ್ತೆ ಅಂತ ಮೊದಲ ದಿನವೇ ಹೇಳಿದ್ದೆ. "ಅದು ಲೆನ್ಸಿನಿಂದ. ಲೇಸಿಕ್ ಆದರೆ ಲೆನ್ಸೂ ಇರಲ್ಲ, ಉರಿಯೂ ಇರಲ್ಲ" ಅಂದರು. ನಂಬಿದೆ.

ಆಪರೇಷನ್ ಆದ ಮರುದಿನ ಚಾರ್ಟ್ ಓದಿಸಿದರು. 6/6, ಅಂದರೆ ಕನ್ನಡಕವಿಲ್ಲದೆ ಪೂರ್ತಿ ದೃಷ್ಟಿ. ಮನೆಯಲ್ಲೆಲ್ಲ ಖುಷಿ. ಎರಡನೇ ವಾರದಿಂದ ಶುರುವಾಯಿತು. ಬೆಳಿಗ್ಗೆ ರೆಪ್ಪೆ ತೆರೆದರೆ ಮರಳು ಉಜ್ಜಿದ ಹಾಗೆ. ಕಂಪ್ಯೂಟರ್ ಮುಂದೆ ಕೂತರೆ ಅಕ್ಷರ ಮಬ್ಬು, ಕಣ್ಣು ಮಿಟುಕಿಸಿದರೆ ಸರಿ, ಮತ್ತೆ ಮಬ್ಬು. ರಾತ್ರಿ ಗಾಡಿ ಲೈಟುಗಳ ಸುತ್ತ ಬಳೆ ಬಳೆ. ಸ್ಕೂಟರ್ ಓಡಿಸುವುದನ್ನೇ ಬಿಟ್ಟೆ.

ಮೊದಲ ಸಲ ಹೋದಾಗ "ಮೂರು ತಿಂಗಳು ಕಾಯಿರಿ." ಎರಡನೇ ಸಲ "ಮೊಬೈಲ್ ಜಾಸ್ತಿ ನೋಡ್ತೀರಾ." ನಾಲ್ಕನೇ ತಿಂಗಳು "ಮೇಡಂ, 6/6 ಇದೆ, ಇನ್ನೇನು ಬೇಕು ನಿಮಗೆ?" ಪ್ರತಿ ಸಲವೂ ಅದೇ ಡ್ರಾಪ್ಸ್ ಬಾಟಲಿ.

ಕೊನೆಗೆ ಬೇರೆ ಡಾಕ್ಟರ್ ಹತ್ತಿರ ಹೋದೆ. ಅವರು ಮೊದಲು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ತೆಳುವಾಗಿ ಉಬ್ಬುತ್ತಿದೆಯಾ ಅಂತ ಸ್ಕ್ಯಾನ್ ಮಾಡಿಸಿದರು. ಸದ್ಯ, ಅದಿರಲಿಲ್ಲ. ಆಮೇಲೆ ಒಂದು ಕಾಗದದ ಪಟ್ಟಿ ತೆಗೆದು ಕೆಳರೆಪ್ಪೆಯೊಳಗೆ ಸಿಕ್ಕಿಸಿದರು. ಐದು ನಿಮಿಷ. 10 ಮಿಲಿಮೀಟರಾದರೂ ಒದ್ದೆಯಾಗಬೇಕಂತೆ. ನನ್ನದು 3.

ಲೇಸಿಕ್‌ನಲ್ಲಿ ಕಾರ್ನಿಯಾದ ಪದರ ಕೊಯ್ಯುವಾಗ ಸಣ್ಣ ನರಗಳೂ ತುಂಡಾಗುತ್ತವೆ. ಕಣ್ಣು ಒಣಗಿದೆ ಅಂತ ಸುದ್ದಿ ಮುಟ್ಟಿಸುವವೇ ಅವು. ಮತ್ತೆ ಬೆಳೆಯಲು ತಿಂಗಳುಗಟ್ಟಲೆ ಬೇಕು. ಮೊದಲೇ ಒಣಗಿದ ಕಣ್ಣಾದರೆ ಕಷ್ಟ ಇನ್ನೂ ಜಾಸ್ತಿ. ದಿನಕ್ಕೆ ಎಂಟು ಸಲ ಹಾಕುತ್ತಿದ್ದ ಆ ಡ್ರಾಪ್ಸ್‌ನಲ್ಲಿ ಪ್ರಿಸರ್ವೇಟಿವ್, ಅಂದರೆ ಕೆಡದಂತೆ ಹಾಕುವ ರಾಸಾಯನಿಕ, ಇತ್ತು. ಅದೂ ಕಣ್ಣನ್ನು ಕೆರಳಿಸುತ್ತಿತ್ತು.

"ಈ ಟೆಸ್ಟ್ ಮೊದಲು ಮಾಡಿರಲಿಲ್ವಾ?" ಅಂತ ಕೇಳಿದರು. ಇಲ್ಲ. ಇಲ್ಲವೇ ಇಲ್ಲ.

ಮೊದಲ ಆಸ್ಪತ್ರೆಗೆ ನನ್ನ ಫೈಲ್ ಕೇಳಲು ಮೂರು ಸಲ ಅಲೆದೆ. ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು ಅಂತ ಬರೆದುಕೊಟ್ಟ ಮೇಲೆ ಕೊಟ್ಟರು. ಕೌಂಟರ್ ಪಕ್ಕದಲ್ಲೇ ನಿಂತು ಬಿಡಿಸಿದೆ. ಎರಡನೇ ಪುಟದಲ್ಲಿತ್ತು: "ಶಿರ್ಮರ್ ಟೆಸ್ಟ್, ನಾರ್ಮಲ್." ಆ ಕಾಗದದ ಪಟ್ಟಿ ಟೆಸ್ಟಿನ ಹೆಸರೇ ಅದು.

ಕೈ ನಡುಗಿತು. ಮಾಡದ ಟೆಸ್ಟಿಗೆ ನಾರ್ಮಲ್ ಅಂತ ಬರೆದಿದ್ದಾರೆ! ಕೇಳಿದರೆ "ಮಾಡಿರ್ತಾರೆ, ನಿಮಗೆ ಮರೆತಿರುತ್ತೆ" ಅಂದರು. ಕಣ್ಣಿಗೆ ಕಾಗದ ನೇತುಹಾಕಿಕೊಂಡು ಐದು ನಿಮಿಷ ಕೂತಿದ್ದು ಯಾರಿಗಾದರೂ ಮರೆಯುತ್ತಾ? ಜೋರು ಮಾಡಿದಾಗ ಒಪ್ಪಿಗೆ ಪತ್ರ ತೋರಿಸಿದರು. "ಡ್ರೈ ಐ ಆಗಬಹುದು ಅಂತ ಇದೆ, ಸಹಿ ನಿಮ್ಮದೇ ಅಲ್ವಾ?" ಹೌದು, ನನ್ನದೇ. ಆಪರೇಷನ್ ಗೌನ್ ಹಾಕಿಸಿ ಕೂರಿಸಿದ ಮೇಲೆ ಕೊಟ್ಟ ಕಾಗದ. ಓದದೆ ಹಾಕಿದೆ. ಆ ಸಿಟ್ಟು ನನ್ನ ಮೇಲೂ ಇದೆ.

ಲೆನ್ಸ್ ಹಾಕುವವರು, ಕಣ್ಣು ಉರಿಯುವವರು ಲೇಸಿಕ್‌ಗೆ ಮುಂಚೆ ಆ ಪಟ್ಟಿ ಟೆಸ್ಟ್ ಮಾಡಿಸಿ, ರಿಪೋರ್ಟ್ ಕೈಯಲ್ಲಿ ಹಿಡಿದು ನೋಡಿ. ಒಪ್ಪಿಗೆ ಪತ್ರ ಹಿಂದಿನ ದಿನವೇ ಮನೆಗೆ ತನ್ನಿ. ಮಾಡಿಸಿದ ಮೇಲೆ 6/6 ಅಂದು ಬಾಯಿ ಮುಚ್ಚಿಸಿದರೆ ಸುಮ್ನೆ ಕಾಯಬೇಡಿ, ಬೇರೆಯವರಿಗೆ ತೋರಿಸಿ. ನಾಲ್ಕು ತಿಂಗಳು ಕಾದು ಕೆಟ್ಟೆ ನಾನು.

ಈಗ ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್, ಉರಿಯೂತ ತಗ್ಗಿಸುವ ಸೈಕ್ಲೋಸ್ಪೋರಿನ್ ಡ್ರಾಪ್ಸ್, ಕಣ್ಣೀರು ಹರಿದುಹೋಗದಂತೆ ಕೆಳರೆಪ್ಪೆಯ ತೂತಿಗೆ ಸಣ್ಣ ಪ್ಲಗ್. ಮೊನ್ನೆ ಮತ್ತೆ ಪಟ್ಟಿ ಇಟ್ಟರು. 6 ಮಿಲಿಮೀಟರ್. ಹಗಲು ಹೊತ್ತು ಸ್ಕೂಟರ್ ಓಡಿಸುತ್ತಿದ್ದೇನೆ. ರಾತ್ರಿ ಇನ್ನೂ ಧೈರ್ಯ ಇಲ್ಲ.