ಬ್ಯಾಡಗಿಯ ಸರ್ವರ್‌ಗೆ ಹುಬ್ಬಳ್ಳಿಯಿಂದ ಕಾವಲು: ಮೂರು ನಿಗಾ ತಂತ್ರಾಂಶಗಳನ್ನು ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಸರ್ವರ್ ಮೇಲೆ ದೂರದಿಂದ ಕಣ್ಣಿಡುವ ತಂತ್ರಾಂಶಗಳಲ್ಲಿ ನನ್ನ ಆಯ್ಕೆ ಜ್ಯಾಬಿಕ್ಸ್. ನಾನು ಬಳಸಿ ನೋಡಿದ ಮೂರರಲ್ಲಿ ಅದು ಚೆಂದದ್ದೂ ಅಲ್ಲ, ಹೊಸದೂ ಅಲ್ಲ. ಆದರೆ ಹುಬ್ಬಳ್ಳಿಯಲ್ಲಿ ಕುಳಿತು ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಒಂದರ ಸರ್ವರ್ ನೋಡಿಕೊಳ್ಳುವವನು ನಾನು. ಕಳೆದ ಮೆಣಸಿನಕಾಯಿ ಹಂಗಾಮಿನಲ್ಲಿ ತಿಂದ ಪೆಟ್ಟಿನ ನಂತರ ರಾತ್ರಿ ನಿದ್ದೆ ಮಾಡುವಷ್ಟು ಧೈರ್ಯ ಕೊಟ್ಟದ್ದು ಅದೊಂದೇ.

ಅಲ್ಲಿರುವುದು ಒಂದೇ ಸರ್ವರ್. ಅದರ ಮೇಲೆ ಪ್ರಾಕ್ಸ್‌ಮಾಕ್ಸ್, ಅಂದರೆ ಒಂದೇ ಯಂತ್ರವನ್ನು ಹಲವು ಕಂಪ್ಯೂಟರ್‌ಗಳಂತೆ ಹಂಚಿಕೊಡುವ ತಂತ್ರಾಂಶ; ಅದರೊಳಗೆ ಏಳು ವರ್ಚುವಲ್ ಮಷೀನ್‌ಗಳು (ವಿಎಂ). ಲೆಕ್ಕಪತ್ರಕ್ಕೆ ಒಂದು ವಿಂಡೋಸ್, ತೂಕದ ಚೀಟಿಗೆ ಒಂದು ಡೇಟಾಬೇಸ್, ಸಿಸಿಟಿವಿ ರೆಕಾರ್ಡಿಂಗ್‌ಗೆ ಇನ್ನೊಂದು, ಹೀಗೆ. ಮೊದಲು ಹಣ ಕೊಟ್ಟು ಒಂದು ನಿಗಾ ಸೇವೆ ಕೊಂಡಿದ್ದೆವು. ವಿಎಂ ಒಂದಕ್ಕೆ ಇಷ್ಟು ಎಂಬ ದರ, ಎಲ್ಲ ಸೇರಿ ವರ್ಷಕ್ಕೆ 38,000 ರೂಪಾಯಿ. ಪ್ರತಿ ವಿಎಂ ಒಳಗೂ ಸ್ಥಿತಿಯನ್ನು ವರದಿ ಮಾಡುವ ಒಂದು ಏಜೆಂಟ್, ನನ್ನ ಮೊಬೈಲ್‌ನಲ್ಲಿ ಏಳು ಹಸಿರು ದೀಪಗಳು.

ಫೆಬ್ರುವರಿಯ ಒಂದು ಟೆಂಡರ್ ದಿನ ಬೆಳಿಗ್ಗೆ ಗುಮಾಸ್ತರು ಫೋನ್ ಮಾಡಿದರು. "ಸರ್, ತೂಕದ ಚೀಟಿ ಬರುತ್ತಿಲ್ಲ. ಗಾಡಿಗಳು ರಸ್ತೆಯವರೆಗೂ ನಿಂತಿವೆ." ಏಳೂ ವಿಎಂಗಳು ಒಂದರ ಹಿಂದೆ ಒಂದು ನಿಂತುಹೋಗಿದ್ದವು. ನಿಲ್ಲುವ ಹಿಂದಿನ ನಿಮಿಷದವರೆಗೂ ಎಲ್ಲ ದೀಪಗಳೂ ಹಸಿರಾಗಿಯೇ ಇದ್ದವು. ಒಳಗೆ ಡಿಸ್ಕ್‌ನಲ್ಲಿ ಶೇ 40ರಷ್ಟು ಜಾಗ ಖಾಲಿ ಇದೆ ಎಂದೇ ಅದರ ವರದಿ.

ಆ ವರದಿ ಸುಳ್ಳೂ ಆಗಿರಲಿಲ್ಲ. ತೊಂದರೆ ಇದ್ದದ್ದು ವಿಎಂಗಳ ಹೊರಗೆ, ಅವನ್ನೆಲ್ಲ ಹೊತ್ತ ಮೂಲ ಯಂತ್ರದ, ಅಂದರೆ ಹೋಸ್ಟ್‌ನ, ಎಲ್‌ವಿಎಂ ಥಿನ್ ಪೂಲ್ ಎಂಬ ಡಿಸ್ಕ್ ಸಂಗ್ರಹದಲ್ಲಿ. ಥಿನ್ ಪೂಲ್ ಎಂದರೆ ಹತ್ತು ಸಾವಿರ ಚೀಲ ಹಿಡಿಯುವ ಗೋದಾಮಿನಲ್ಲಿ ಹದಿನೈದು ಸಾವಿರ ಚೀಲಕ್ಕೆ ರಸೀದಿ ಬರೆದುಕೊಟ್ಟಂತೆ. ಎಲ್ಲರೂ ಒಮ್ಮೆಲೇ ಸರಕು ತರುವುದಿಲ್ಲ ಎಂಬ ಭರವಸೆಯ ಮೇಲೆ ನಡೆಯುವ ವ್ಯವಸ್ಥೆ ಅದು. ನಮ್ಮ ಪೂಲ್ 1.7 ಟಿಬಿ, ವಿಎಂಗಳಿಗೆ ಹಂಚಿದ್ದು 2.6 ಟಿಬಿ. ಸಿಸಿಟಿವಿ ವಿಎಂ ದಿನವೂ ಹಳೆಯ ರೆಕಾರ್ಡಿಂಗ್ ಅಳಿಸಿ ಹೊಸದನ್ನು ಬರೆಯುತ್ತಿತ್ತು. ವಿಎಂ ಒಳಗೆ ಅಳಿಸಿದ ಮಾತ್ರಕ್ಕೆ ಹೋಸ್ಟ್‌ಗೆ ಜಾಗ ಮರಳುವುದಿಲ್ಲ. ಖಾಲಿಯಾದ ಜಾಗದ ಸುದ್ದಿ ಹೋಸ್ಟ್‌ಗೆ ಮುಟ್ಟಲು ಡಿಸ್ಕ್‌ನ ಡಿಸ್ಕಾರ್ಡ್ ಆಯ್ಕೆ ಚಾಲೂ ಇರಬೇಕು, ಒಳಗೆ ಎಫ್‌ಎಸ್‌ಟ್ರಿಮ್ ಎಂಬ ಆಜ್ಞೆ ಓಡಬೇಕು. ರೈತ ಚೀಲ ಎತ್ತಿಕೊಂಡು ಹೋದರೂ ರಸೀದಿ ಮರಳಿಸದಿದ್ದರೆ ಗೋದಾಮಿನವರಿಗೆ ಆ ಜಾಗ ಬಿಟ್ಟಿದೆ ಎಂದು ಹೇಗೆ ತಿಳಿಯಬೇಕು? ಹಾಗೆಯೇ ತಿಂಗಳುಗಟ್ಟಲೆ ಪೂಲ್ ಏರುತ್ತ ಹೋಗಿ ಆ ಬೆಳಿಗ್ಗೆ 100.00 ಮುಟ್ಟಿತ್ತು. ಬರೆಯಲು ಜಾಗ ಸಿಗದ ವಿಎಂಗಳು ಐ/ಒ ಎರರ್ ತೋರಿಸಿ ನಿಂತವು.

ವಿಎಂ ಒಂದರ ಹಿಂದಿನ ಸ್ಥಿತಿಯನ್ನು ಹಿಡಿದಿಟ್ಟ ಹಳೆಯ ಸ್ನ್ಯಾಪ್‌ಶಾಟ್ ಒಂದನ್ನು ಅಳಿಸಿ ಜಾಗ ಬಿಡಿಸಿದೆ. ವಿಎಂಗಳು ಮತ್ತೆ ಏಳುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಷ್ಟೂ ಹೊತ್ತು ಆ ಗುಮಾಸ್ತರು ಕೈಯಿಂದಲೇ ಚೀಟಿ ಬರೆದರು. ಬಿಸಿಲಿನಲ್ಲಿ ಗಾಡಿಯ ಪಕ್ಕ ಕಾಯುತ್ತಿದ್ದ ರೈತರು ಇವತ್ತಿಗೂ ನೆನಪಾಗುತ್ತಾರೆ. ಆ ಸೇವೆಯವರನ್ನು ಕೇಳಿದರೆ, ಹೋಸ್ಟ್ ನೋಡುವುದು ನಮ್ಮ ಯೋಜನೆಯಲ್ಲಿ ಸೇರಿಲ್ಲ ಎಂಬ ಉತ್ತರ ಬಂತು. ಮುಂದಿನ ವರ್ಷಕ್ಕೆ ಅದನ್ನು ನವೀಕರಿಸಲಿಲ್ಲ.

ಏಪ್ರಿಲ್‌ನಿಂದ ಮೂರು ಉಚಿತ ತಂತ್ರಾಂಶಗಳನ್ನು ಇದೇ ಸರ್ವರ್ ಮೇಲೆ ಒಂದೊಂದಾಗಿ ಪರೀಕ್ಷಿಸಿದೆ. ಪೂಲ್ ತುಂಬುವ ಮೊದಲು ಯಾವುದು ಹೇಳುತ್ತದೆ ಎಂಬುದೇ ನನ್ನ ಮೊದಲ ಪ್ರಶ್ನೆ.

ನೆಟ್‌ಡೇಟಾವನ್ನು ಹಾಕಿದ ಐದು ನಿಮಿಷಕ್ಕೆ ಪರದೆ ತುಂಬ ಗ್ರಾಫ್ ಚಿತ್ರಗಳು ಬಂದವು. ಸೆಕೆಂಡಿಗೊಮ್ಮೆ ಅಳೆಯುವುದು ಅದರ ದೊಡ್ಡ ಗುಣ. ಸ್ಟೀಲ್ ಟೈಮ್, ಅಂದರೆ ವಿಎಂ ಸಿಪಿಯು ಕೇಳಿದಾಗ ಹೋಸ್ಟ್ ಕೊಡದೆ ಕಾಯಿಸಿದ ಹೊತ್ತು, ನಿಮಿಷದ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿ ಮುಳ್ಳಿನಂತೆ ಎದ್ದು ಕಾಣುತ್ತದೆ. ಬ್ಯಾಕಪ್ ಓಡುವಾಗ ಡೇಟಾಬೇಸ್ ಏಕೆ ಮಂಕಾಗುತ್ತದೆ ಎಂಬುದು ನನಗೆ ಅರ್ಥವಾದದ್ದು ಇದರಿಂದಲೇ. ಆದರೆ ಅದರ ಸಿದ್ಧ ಅಲರ್ಟ್‌ಗಳು ಹಲವು. ಬೇಡದ್ದನ್ನು ಬಾಯಿ ಮುಚ್ಚಿಸುವುದರಲ್ಲೇ ಒಂದು ವಾರ ಹೋಯಿತು. ಎದುರಿಗೆ ಕುಳಿತು ನೋಡುವವರಿಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು. ನಾನು ಎದುರಿಗೆ ಕುಳಿತಿರುವುದಿಲ್ಲ.

ಅಂಕಿಗಳನ್ನು ಕೂಡಿಡುವ ಪ್ರೊಮಿಥಿಯಸ್ ಮತ್ತು ಅವನ್ನು ಚಿತ್ರವಾಗಿ ತೋರಿಸುವ ಗ್ರಾಫಾನಾ ಜೋಡಿಯ ಬಗ್ಗೆ ನನಗೆ ಬಹಳ ಗೌರವವಿದೆ. ಪ್ರಾಕ್ಸ್‌ಮಾಕ್ಸ್‌ನ ಅಂಕಿಗಳನ್ನು ಪ್ರೊಮಿಥಿಯಸ್‌ಗೆ ಒದಗಿಸುವ ಎಕ್ಸ್‌ಪೋರ್ಟರ್ ಹಾಕಿದೊಡನೆ ಥಿನ್ ಪೂಲ್ ಕಣ್ಣಿಗೆ ಬಿತ್ತು. ಪ್ರೆಡಿಕ್ಟ್ ಲೀನಿಯರ್ ಎಂಬ ಫಂಕ್ಷನ್‌ನಿಂದ, ಇದೇ ವೇಗದಲ್ಲಿ ಹೋದರೆ ನಾಲ್ಕು ದಿನಕ್ಕೆ ಪೂಲ್ ತುಂಬುತ್ತದೆ ಎಂದು ಮುಂಚೆಯೇ ಎಚ್ಚರಿಸುವ ನಿಯಮವನ್ನು ಒಂದೇ ಸಾಲಿನಲ್ಲಿ ಬರೆದೆ. ಗ್ರಾಫಾನಾದ ಚೆಲುವಿನ ಮುಂದೆ ಜ್ಯಾಬಿಕ್ಸ್‌ನ ಪರದೆ ಸಪ್ಪೆಯೇ.

ಎಡವಿದ್ದು ಸಂಪರ್ಕದಲ್ಲಿ. 2012ರಲ್ಲಿ ಸೌಂಡ್‌ಕ್ಲೌಡ್ ಸಂಸ್ಥೆಯೊಳಗೆ ಶುರುವಾದ ಪ್ರೊಮಿಥಿಯಸ್, ತಾನೇ ಪ್ರತಿ ಯಂತ್ರದ ಬಳಿ ಹೋಗಿ ಅಂಕಿಗಳನ್ನು ಎಳೆದು ತರುತ್ತದೆ. ಡೇಟಾ ಸೆಂಟರ್ ಒಳಗೆ ಇದು ಸೊಗಸಾದ ಪದ್ಧತಿ. ನನ್ನ ಪ್ರೊಮಿಥಿಯಸ್ ಇರುವುದು ಹುಬ್ಬಳ್ಳಿಯಲ್ಲಿ, ಯಂತ್ರ ಬ್ಯಾಡಗಿಯಲ್ಲಿ. ಅಲ್ಲಿನ ಲೈನ್‌ಗೆ ಸಾರ್ವಜನಿಕ ಐಪಿ, ಅಂದರೆ ಹೊರಗಿನಿಂದ ನೇರ ತಲುಪುವ ವಿಳಾಸ, ಇಲ್ಲದ್ದರಿಂದ ವಿಪಿಎನ್ ಎಂಬ ಖಾಸಗಿ ಸುರಂಗ ಕಟ್ಟಬೇಕಾಯಿತು. ಮಳೆಗಾಲ ಹಿಡಿದ ಮೇಲೆ ಲೈನ್ ದಿನಕ್ಕೆ ಎರಡು ಮೂರು ಸಲ ಕಡಿಯುತ್ತಿತ್ತು. ಲೈನ್ ಇಲ್ಲದಾಗ ಎಳೆಯದ ಅಂಕಿ ಆಮೇಲೆ ಬರುವುದಿಲ್ಲ. ಚಿತ್ರದಲ್ಲಿ ಅಲ್ಲಿ ತೂತು. ಗುಡುಗಿನ ಹೊತ್ತಿನಲ್ಲಿ, ಕರೆಂಟ್ ಹೋಗಿಬಂದು ಆಗುವಾಗ ಸರ್ವರ್ ಹೇಗಿತ್ತು ಎಂದು ತಿಳಿಯಬೇಕಾದಲ್ಲೇ ತೂತು! ಬ್ಯಾಡಗಿಯಲ್ಲೇ ಇನ್ನೊಂದು ಪ್ರೊಮಿಥಿಯಸ್ ಇಟ್ಟು ಅಲ್ಲಿಂದ ಕಳುಹಿಸುವ ದಾರಿಯೂ ಇದೆ. ಆಗ ಎರಡು ಪ್ರೊಮಿಥಿಯಸ್, ಎಕ್ಸ್‌ಪೋರ್ಟರ್‌ಗಳು, ಅಲರ್ಟ್‌ಮ್ಯಾನೇಜರ್, ಗ್ರಾಫಾನಾ, ಇಷ್ಟಕ್ಕೂ ಒಬ್ಬನೇ ನಾನು. ನಾವು ಬೇರೆ ಹೇಳದಿದ್ದರೆ ಪ್ರೊಮಿಥಿಯಸ್ ಅಂಕಿಗಳನ್ನು 15 ದಿನ ಮಾತ್ರ ಇಟ್ಟುಕೊಳ್ಳುತ್ತದೆ ಎಂಬುದನ್ನೂ ಗಮನಿಸಿ.

ಜ್ಯಾಬಿಕ್ಸ್ ಗೆದ್ದದ್ದು ಇಲ್ಲಿಯೇ. ಲಾಟ್ವಿಯಾದ ಅಲೆಕ್ಸೈ ವ್ಲಾಡಿಶೆವ್ 2001ರಲ್ಲಿ ಮೊದಲು ಬಿಡುಗಡೆ ಮಾಡಿದ ಈ ತಂತ್ರಾಂಶದಲ್ಲಿ ಪ್ರಾಕ್ಸಿ ಎಂಬ ಅಂಗವಿದೆ. ತೂಕದ ಕಟ್ಟೆಯ ಕೋಣೆಯಲ್ಲಿ ಒಂದು ಹಳೆಯ ಮಿನಿ ಪಿಸಿಯ ಮೇಲೆ ಅದನ್ನು ಇಟ್ಟೆ. ಸರ್ವರ್‌ನೊಳಗಿನ ವಿಎಂ ಆಗಿ ಇಡಲಿಲ್ಲ. ಹೋಸ್ಟ್ ಮಲಗಿದರೆ ಕಾವಲುಗಾರನೂ ಮಲಗಿಬಿಡುತ್ತಾನೆ. ಪ್ರಾಕ್ಸಿ ಅಲ್ಲಿಯೇ ಅಂಕಿಗಳನ್ನು ಸಂಗ್ರಹಿಸಿ, ತಾನೇ ಹುಬ್ಬಳ್ಳಿಯ ಕಚೇರಿಯ ಸ್ಥಿರ ಐಪಿಗೆ, 10051ನೇ ಪೋರ್ಟ್‌ಗೆ ಕಳುಹಿಸುತ್ತದೆ. ಬ್ಯಾಡಗಿಯಲ್ಲಿ ಯಾವ ಬಾಗಿಲನ್ನೂ ತೆರೆಯಬೇಕಿಲ್ಲ. ಲೈನ್ ಕಡಿದರೆ ಕೂಡಿಟ್ಟುಕೊಂಡು, ಬಂದಾಗ ಒಪ್ಪಿಸುತ್ತದೆ. ಹೀಗೆ ಕೂಡಿಡುವ ಅವಧಿ ತಾನಾಗಿ 1 ಗಂಟೆ ಮಾತ್ರ. ಪ್ರಾಕ್ಸಿಆಫ್‌ಲೈನ್‌ಬಫರ್ ಎಂಬಲ್ಲಿ ನಾನು 72 ಗಂಟೆಗೆ ಏರಿಸಿದ್ದೇನೆ. ಈ ಬದಲಾವಣೆ ಮಾಡಿದ ಮೇಲೆ ಚಿತ್ರದಲ್ಲಿ ತೂತು ಕಂಡಿಲ್ಲ.

ಪ್ರಾಕ್ಸ್‌ಮಾಕ್ಸ್‌ಗೆ ಜ್ಯಾಬಿಕ್ಸ್‌ನಲ್ಲಿ ಸಿದ್ಧ ಟೆಂಪ್ಲೇಟ್ (ಏನೇನು ಅಳೆಯಬೇಕೆಂಬ ಪಟ್ಟಿ) ಇದೆ. ಅದರಲ್ಲಿ ನಾನು ಅರ್ಧ ದಿನ ಕಳೆದುಕೊಂಡ ಒಂದು ಜಾಗವನ್ನು ಹೇಳಲೇಬೇಕು. ಜ್ಯಾಬಿಕ್ಸ್ ಅಂಕಿಗಳನ್ನು ಓದಲು ಪ್ರಾಕ್ಸ್‌ಮಾಕ್ಸ್‌ನಲ್ಲಿ ಎಪಿಐ ಟೋಕನ್ ಎಂಬ ಕೀಲಿ ಮಾಡುವಾಗ ಪ್ರಿವಿಲೇಜ್ ಸೆಪರೇಷನ್ ಎಂಬ ಗುರುತು ಮೊದಲೇ ಹಾಕಿರುತ್ತದೆ. ಬಳಕೆದಾರನಿಗೆ ಅನುಮತಿ ಕೊಟ್ಟರೆ ಸಾಲದು, ಟೋಕನ್‌ಗೂ ಬೇರೆಯಾಗಿ ಕೊಡಬೇಕು. ಕೊಡದಿದ್ದರೆ ವಿಎಂಗಳ ಪಟ್ಟಿ ಖಾಲಿಯಾಗಿ ಕಾಣುತ್ತದೆ.

ಪೂಲ್ ತುಂಬಲು ಎಷ್ಟು ದಿನ ಉಳಿದಿದೆ ಎಂದು ಲೆಕ್ಕ ಹಾಕುವ ಟೈಮ್‌ಲೆಫ್ಟ್ ಇಲ್ಲಿಯೂ ಇದೆ. ಏಳು ದಿನಕ್ಕಿಂತ ಕಡಿಮೆ ಎಂದಾದರೆ ಟೆಲಿಗ್ರಾಂನಲ್ಲಿ ನನಗೂ ಸಾಹುಕಾರರಿಗೂ ಸಂದೇಶ ಹೋಗುತ್ತದೆ. ಟ್ರಿಗರ್, ಅಂದರೆ ಎಚ್ಚರಿಕೆಯ ನಿಯಮ, ಬರೆಯುವ ಭಾಷೆ ಒರಟು, ಡೇಟಾಬೇಸ್ ಬೆಳೆಯುತ್ತಲೇ ಇರುತ್ತದೆ, ಹಿಸ್ಟರಿ ಇಡುವ ದಿನಗಳನ್ನು ಕಡಿಮೆ ಮಾಡದಿದ್ದರೆ ಹುಬ್ಬಳ್ಳಿಯಲ್ಲಿ ಜ್ಯಾಬಿಕ್ಸ್ ಓಡುವ ಹಳೆಯ ಡೆಸ್ಕ್‌ಟಾಪ್ ಏದುಸಿರು ಬಿಡುತ್ತದೆ. ಅಷ್ಟನ್ನು ಸಹಿಸಿಕೊಳ್ಳಬಲ್ಲೆ.

ಎಲ್ಲ ಯಂತ್ರಗಳೂ ಒಂದೇ ಕಟ್ಟಡದಲ್ಲಿದ್ದು, ಲೈನ್ ಗಟ್ಟಿಯಾಗಿದ್ದು, ಸೆಟ್ಟಿಂಗ್‌ಗಳ ವೈಎಎಂಎಲ್ ಫೈಲ್ ಬರೆಯುವ ಇನ್ನೊಬ್ಬರು ಜೊತೆಗಿದ್ದರೆ ನಾನೂ ಪ್ರೊಮಿಥಿಯಸ್ ಅನ್ನೇ ಹಿಡಿಯುತ್ತಿದ್ದೆ. ನನ್ನ ಖರ್ಚು ಈಗ ಮಿನಿ ಪಿಸಿಗೆ ಹಾಕಿದ ಹೊಸ ಎಸ್‌ಎಸ್‌ಡಿ ಮಾತ್ರ. ನೆಟ್‌ಡೇಟಾವನ್ನು ತೆಗೆದಿಲ್ಲ, ಏನಾದರೂ ಮಂಕಾದಾಗ ಮೊದಲು ತೆರೆಯುವುದು ಅದನ್ನೇ.

ಡಿಸ್ಕಾರ್ಡ್ ಚಾಲೂ ಮಾಡಿ ಎಫ್‌ಎಸ್‌ಟ್ರಿಮ್ ಓಡಿಸಿದ ಮೇಲೆ ಪೂಲ್ ಶೇ 61ಕ್ಕೆ ಇಳಿದಿದೆ. ಡಿಸೆಂಬರ್‌ಗೆ ಮೊದಲು ಇನ್ನೊಂದು ಕೆಲಸ ಬಾಕಿ ಇದೆ: ಮಿನಿ ಪಿಸಿಗೆ ಬೇರೆಯದೇ ಒಂದು ಯುಪಿಎಸ್.